ಹತ್ತೂವರೆ ಗಂಟೆಯ ವಿಶ್ರಾಂತಿ

"ಏಯ್, ಏಳೇ ಮೇಲಕ್ಕೆ. ಇದೇನು ನಿಮ್ಮಜ್ಜಿ ಮನೆ ಅಂದ್ಕೊಂಡ್ಯಾ, ಹಿಂಗೆ ಕಾಲು ಚಾಚ್ಕೊಂಡು ಬಿದ್ಕೊಳ್ಳೋಕೆ?"

ಶೂ ತುದಿ ನನ್ನ ಮೊಣಕಾಲಿಗೆ ತಾಗಿತು. ಒದ್ದದ್ದಲ್ಲ. ಬೀದಿಯಲ್ಲಿ ಮಲಗಿದ ನಾಯಿ ಬದುಕಿದೆಯೋ ಇಲ್ಲವೋ ನೋಡಲು ತಾಗಿಸುತ್ತಾರಲ್ಲ, ಅಷ್ಟೇ. ಕಣ್ಣು ಬಿಟ್ಟರೆ ಕರ್ಟ್ ವಾಂಡರ್‌ವೀನ್ ನಿಂತಿದ್ದ. ನಮ್ಮ ಪೈನ್ ರಿವರ್ ಏರ್ ಕಂಪನಿಯ ಪೈಲಟ್‌ಗಳಿಗೆಲ್ಲ ಮುಖ್ಯಸ್ಥ. ಕೈಯಲ್ಲಿ ಕಾಫಿ, ಮೈಯಿಂದ ಆಗ ತಾನೇ ಸ್ನಾನ ಮಾಡಿ ಬಂದ ಸೋಪಿನ ವಾಸನೆ. ಬೆಳಗಿನ ಆರು ಗಂಟೆ.

"ಮಲಗಬಾರದು ಅಂತ ಬೋರ್ಡ್ ಹಾಕಿರೋದು ಕಾಣ್ಸಲ್ವಾ ಮಾರ್ನಿ?"

"ಮತ್ತೆಲ್ಲಿ ಮಲಗ್ಲಿ?"

"ಅದು ನಿನ್ನ ಹಣೆಬರಹ. ಕಂಪನಿ ನಿಂಗೆ ಹತ್ತೂವರೆ ಗಂಟೆ ವಿಶ್ರಾಂತಿ ಕೊಟ್ಟಿದೆ. ಅದನ್ನ ಹಾಳ್ಮಾಡ್ಕೊಂಡ್ರೆ ನಾನೇನ್ ಮಾಡ್ಲಿ. ಹೋಗು, ಮುಖ ತೊಳಿ. ಆ ಅಂಗಿಗೊಂದು ಇಸ್ತ್ರಿ ಹಾಕು. ಪೈಲಟ್ಟೋ ಭಿಕಾರಿನೋ ಗೊತ್ತಾಗ್ತಿಲ್ಲ."

ಕೋಣೆಯಲ್ಲಿದ್ದ ಮೂರು ನಾಲ್ಕು ಜನ ತಮ್ಮ ತಮ್ಮ ಫೋನಿನೊಳಗೆ ಮುಖ ಹುದುಗಿಸಿಕೊಂಡರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಹೋದ ವಾರ ಇನ್ನೊಬ್ಬನಿಗೆ ಹೀಗೇ ಆದಾಗ ನಾನೂ ಫೋನನ್ನೇ ನೋಡಿದ್ದೆ.

ಆ ಕೋಣೆ ಷಿಕಾಗೋ ವಿಮಾನ ನಿಲ್ದಾಣದ ನೆಲಮಾಳಿಗೆಯಲ್ಲಿದೆ. ಮೊದಲು ಅಲ್ಲಿ ಸೋಫಾಗಳಿದ್ದವು. ಯೂನಿಫಾರ್ಮಿನಲ್ಲೇ ಪೈಲಟ್‌ಗಳು ಸಾಲಾಗಿ ಬಾಯಿ ತೆರೆದು ಮಲಗಿದ್ದ ಫೋಟೋ ಒಂದು ಪತ್ರಿಕೆಯಲ್ಲಿ ಬಂತು. ಕಂಪನಿಗೆ ಮಾನ ಹೋಯಿತು. ಮಾರನೆಯ ವಾರ ಸೋಫಾ ಎತ್ತಿಸಿ, ನಡುನಡುವೆ ಕಬ್ಬಿಣದ ಕೈಗಳಿರುವ ಕುರ್ಚಿ ಹಾಕಿಸಿದರು. ಅಂದಿನಿಂದ ನಾವು ಕೋಟು ನೇತುಹಾಕುವ ಸ್ಟ್ಯಾಂಡಿನ ಹಿಂದೆ ನೆಲದ ಮೇಲೆ ಮಲಗುತ್ತೇವೆ.

ಬೇರೆ ಊರಲ್ಲಿ ರಾತ್ರಿ ತಂಗಿದರೆ ಕಂಪನಿ ಹೋಟೆಲ್ ಕೊಡುತ್ತದೆ. ಷಿಕಾಗೋದಲ್ಲಿ ಕೊಡುವುದಿಲ್ಲ, ಯಾಕೆಂದರೆ ಅವರ ದಾಖಲೆಯಲ್ಲಿ ಅದು ನಮ್ಮ ಮನೆ. ನನ್ನ ಮನೆ ಇರುವುದು ಐನೂರು ಮೈಲಿ ಉತ್ತರಕ್ಕೆ, ಹಿಬ್ಬಿಂಗ್ ಎಂಬ ಕಬ್ಬಿಣದ ಗಣಿ ಊರಿನಲ್ಲಿ. ನನಗೆ ಬರುವ ಸಂಬಳಕ್ಕೆ ಷಿಕಾಗೋದಲ್ಲಿ ಒಂದು ಮಂಚದಷ್ಟು ಜಾಗವೂ ಬಾಡಿಗೆಗೆ ಸಿಗುವುದಿಲ್ಲ. ಹಿಂದಿನ ದಿನ ಹಿಮದಲ್ಲಿ ನಾಲ್ಕು ಸಲ ಹಾರಿ ರಾತ್ರಿ ಎಂಟೂವರೆಗೆ ಇಳಿದಿದ್ದೆ. ನಮ್ಮೂರಿಗೆ ಹೋಗುವ ಕೊನೆಯ ವಿಮಾನ ಅಷ್ಟರಲ್ಲಿ ಹೋಗಿತ್ತು. ಬೆಳಿಗ್ಗೆ ಏಳಕ್ಕೆ ಮತ್ತೆ ಕೆಲಸ. ನಡುವೆ ಹತ್ತೂವರೆ ಗಂಟೆ. ಕಾನೂನಿನ ಪ್ರಕಾರ ನಾನು ಮನೆಗೆ ಹೋಗಿ, ಉಂಡು, ಹಾಸಿಗೆಯಲ್ಲಿ ಮಲಗಿ ಎದ್ದು ಬಂದವಳು.

ಸಂಬಳದ ಸಂಗತಿ ಹೇಳಿದರೆ ನಮ್ಮೂರಲ್ಲಿ ಯಾರೂ ನಂಬುವುದಿಲ್ಲ. ಬಾಗಿಲು ಮುಚ್ಚಿ, ಬ್ರೇಕ್ ಬಿಟ್ಟ ಕ್ಷಣದಿಂದ ಮಾತ್ರ ನಮಗೆ ಕೂಲಿ ಶುರು. ಅದಕ್ಕೂ ಮೊದಲು ಹಿಮದಲ್ಲಿ ಟಾರ್ಚ್ ಹಿಡಿದು ವಿಮಾನವನ್ನು ಸುತ್ತು ಹಾಕಿ ನೋಡುವುದು, ಮೂರು ಗಂಟೆ ಗೇಟಿನಲ್ಲಿ ಕಾಯುವುದು, ಎಲ್ಲ ಬಿಟ್ಟಿ ಚಾಕರಿ. ಹೋದ ಚಳಿಗಾಲ ಕೆಲಸದಿಂದ ನೇರ ಊರಿನ ಅಂಗಡಿಗೆ ಹೋಗಿ, ಹಾಲು ಮೊಟ್ಟೆಗೆ ಬಡವರಿಗೆಂದು ಸರ್ಕಾರ ಕೊಡುವ ಆಹಾರದ ಕಾರ್ಡ್ ಕೊಟ್ಟೆ. ಬಿಲ್ ಹಾಕುವ ಹೆಂಗಸು ನನ್ನ ಭುಜದ ಪಟ್ಟಿ ನೋಡಿ, "ಏನಮ್ಮ, ಚರ್ಚಲ್ಲಿ ನಾಟಕ ಇದ್ಯಾ ಇವತ್ತು?" ಎಂದಳು. ಹೌದು ಎಂದುಬಿಟ್ಟೆ. ಈಗಲೂ ಅದನ್ನು ನೆನೆದರೆ ಕಿವಿ ಬಿಸಿಯಾಗುತ್ತದೆ.

ಹಾಗಾದರೆ ಬಿಟ್ಟು ಹೋಗಬಹುದಿತ್ತಲ್ಲ ಎಂದು ಕೇಳುವವರಿದ್ದಾರೆ. ಬಿಡದಿದ್ದುದಕ್ಕೆ ಕಾರಣ ಜೂನ್ ತಿಂಗಳು. ನಮ್ಮ ವಿಮಾನದ ಬಾಲದ ಮೇಲಿರುವುದು ನಮ್ಮ ಕಂಪನಿಯ ಹೆಸರಲ್ಲ, ದೊಡ್ಡ ಕಂಪನಿಯದು. ಬಣ್ಣ ಅವರದು, ಟಿಕೆಟ್ ಅವರದು, ಪ್ರಯಾಣಿಕರು ಅವರ ಗಿರಾಕಿಗಳು. ಹಾರಿಸುವ ಕೂಲಿಗಳು ಮಾತ್ರ ಗುತ್ತಿಗೆಯವರು. ವರ್ಷಕ್ಕೆ ಇಷ್ಟು ಮಂದಿ ಎಂದು ನಮ್ಮಲ್ಲಿಂದ ದೊಡ್ಡ ಕಂಪನಿ ತನ್ನೊಳಕ್ಕೆ ತೆಗೆದುಕೊಳ್ಳುತ್ತದೆ. ಆರು ವರ್ಷ ಆ ಸಾಲಿನಲ್ಲಿ ನಿಂತು ನಾನು ಮುಂದಕ್ಕೆ ಬಂದಿದ್ದೆ. ಜೂನ್‌ನಲ್ಲಿ ನಿನ್ನ ಸರದಿ ಎಂದು ಪತ್ರ ಬಂದಿತ್ತು. ಅವ್ವ ಅದನ್ನು ಫ್ರಿಜ್ ಬಾಗಿಲಿಗೆ ಅಂಟಿಸಿದ್ದಳು. ಆದರೆ 'ದಣಿದಿದ್ದೇನೆ, ಹಾರಲಾರೆ' ಎಂದು ವರ್ಷದಲ್ಲಿ ಮೂರು ಸಲ ಹೇಳಿದವರು ಸಾಲಿನ ಕೊನೆಗೆ ಹೋಗಬೇಕು. ಹೇಳುವ ಹಕ್ಕು ಕಾನೂನಿನಲ್ಲಿದೆ. ಹೇಳಿದವರನ್ನು ಕರ್ಟ್ ನೋಡಿಕೊಳ್ಳುತ್ತಾನೆ. ನಾನು ಆಗಲೇ ಎರಡು ಸಲ ಹೇಳಿದ್ದೆ.

ಇಸ್ತ್ರಿ ಹಾಕಲಿಲ್ಲ. ಮುಖಕ್ಕೆ ತಣ್ಣೀರು ಎರಚಿಕೊಂಡು ವಿಮಾನಕ್ಕೆ ಹೋದೆ. ಐವತ್ತು ಸೀಟಿನದು, ಮಾರ್ಕೆಟ್ ಎಂಬ ಊರಿಗೆ ಹೋಗಬೇಕಾದದ್ದು. ಎಡಗಡೆ ಸೀಟಿನಲ್ಲಿ ಕ್ಯಾಪ್ಟನ್ ಡೆಲ್ಬರ್ಟ್ ಪಾಕೆಟ್ ಕೂತಿದ್ದ. ವಿಸ್ಕಾನ್ಸಿನ್‌ನ ಹೈನುಗಾರರ ಮನೆಯಲ್ಲಿ ಬೆಳೆದವನು, ಐವತ್ತೇಳು ವಯಸ್ಸು. ಹತ್ತು ವರ್ಷದ ಕೆಳಗೆ ಇವನು ದೊಡ್ಡ ಕಂಪನಿಯವನೇ. ಇದೇ ಊರಿಗೆ, ಇದೇ ಬಣ್ಣದ ದೊಡ್ಡ ವಿಮಾನ ಹಾರಿಸುತ್ತಿದ್ದ. ಆ ದಾರಿಯನ್ನು ಕಂಪನಿ ನಮಗೆ ಗುತ್ತಿಗೆ ಕೊಟ್ಟು ಇವನನ್ನು ಮನೆಗೆ ಕಳಿಸಿತು. ಬೇರೆ ಗತಿಯಿಲ್ಲದೆ ಇವನು ನಮ್ಮಲ್ಲಿ ಬಂದು ಸೇರಿ, ಮೂರನೇ ಒಂದು ಪಾಲು ಸಂಬಳಕ್ಕೆ ಅದೇ ದಾರಿಯಲ್ಲಿ ಹಾರುತ್ತಿದ್ದಾನೆ.

"ಬಾರವ್ವ ಬಾ. ಎಲ್ ಮನಿಕಂಡಿದ್ದೆ?"

"ಅರಮನೇಲಿ."

"ಆ ಬೋಳಿಮಗ ಎಬ್ಬಿಸ್‌ದ್ನಾ?"

"ಕಾಲಲ್ಲಿ."

ಡೆಲ್ಬರ್ಟ್ ಹಾರುವ ಮೊದಲಿನ ತಪಾಸಣೆಯ ಪಟ್ಟಿಯನ್ನು ಕೈಗೆತ್ತಿಕೊಂಡ. ಅವನು ಒಂದೊಂದೇ ಕೇಳಬೇಕು, ನಾನು ನೋಡಿ ಉತ್ತರ ಹೇಳಬೇಕು.

"ಇಂಧನ?"

"ಏಳು ಸಾವಿರದ ನಾನೂರು."

ಅವನು ಪಟ್ಟಿಯಿಂದ ತಲೆ ಎತ್ತಿದ. ಆಮೇಲೆ ಮೆತ್ತಗೆ, "ಇನ್ನೊಂದ್ಸಲ ನೋಡ್ ಹೇಳವ್ವ" ಎಂದ.

ಬೆರಳನ್ನು ಇಂಧನದ ಮೀಟರಿನ ಅಂಕಿಯ ಮೇಲೆ ಇಟ್ಟು ಮತ್ತೆ ಓದಿದೆ. "ಏಳು ಸಾವಿರದ ನಾನೂರು."

"ಲಾರಿ ಈಗ್ ಬಂದ್ ನಿಂತದೆ ಕಣವ್ವ. ಪೈಪು ಇನ್ನೂ ಹಾಕಿಲ್ಲ."

ಕಿಟಕಿಯಾಚೆ ನೋಡಿದೆ. ರೆಕ್ಕೆಯ ಹತ್ತಿರ ಇಂಧನದ ಲಾರಿಯವನು ಆಗಷ್ಟೇ ಕೈಗವಸು ಹಾಕಿಕೊಳ್ಳುತ್ತಿದ್ದ. ನನ್ನ ಬೆರಳ ಕೆಳಗೆ ಇದ್ದದ್ದು ಎರಡು ಸಾವಿರದ ನೂರು ಪೌಂಡ್. ನಾನು ಹೇಳಿದ್ದು ನಿನ್ನೆಯ ಅಂಕಿ. ಕಣ್ಣು ತೆರೆದು, ಬೆರಳಿಟ್ಟು, ಎರಡೆರಡು ಸಲ ಇಲ್ಲದ್ದನ್ನು ಓದಿದ್ದೆ.

ಹಿಂದೆ ಪ್ರಯಾಣಿಕರು ಹತ್ತತೊಡಗಿದ್ದರು. ಡೆಲ್ಬರ್ಟ್ ಆ ದಿನದ ಹಾರಾಟದ ಹಾಳೆಯನ್ನು ತೊಡೆಯ ಮೇಲೆ ಇಟ್ಟುಕೊಂಡ. ಪ್ರತಿ ಹಾರಾಟಕ್ಕೂ ಮೊದಲು ಇಬ್ಬರೂ ಅದಕ್ಕೆ ಸಹಿ ಹಾಕಬೇಕು. ನಾನು ಹಾರಲು ಸಮರ್ಥಳಾಗಿದ್ದೇನೆ ಎಂದು ಅದರರ್ಥ. ಯಾರೂ ಅದನ್ನು ಓದುವುದಿಲ್ಲ, ಕೊರಿಯರ್‌ನವನಿಗೆ ಗೀಚಿಕೊಟ್ಟಂತೆ ಗೀಚಿ ಕೊಡುತ್ತೇವೆ. ಅವನ ಸಹಿ ಆಗಲೇ ಬಿದ್ದಿತ್ತು.

"ಸೈನ್ ಹಾಕ್ಬುಡು," ಎಂದ. "ಎಲ್ಲಾ ನಾನ್ ನೋಡ್ಕತೀನಿ. ಮ್ಯಾಲಕ್ಕೋದ್ಮೇಲೆ ನೀನು ಒಂದರ್ಧ ಗಂಟೆ ಕಣ್ಮುಚ್ಚು. ಜೂನ್ ಬತ್ತಾ ಅದೆ, ಕೆಡಿಸ್ಕಬ್ಯಾಡ."

ನಮ್ಮಲ್ಲಿ ಎಲ್ಲರೂ ಮಾಡುವುದು ಅದನ್ನೇ. ದಣಿದವರು ಸಹಿ ಹಾಕುತ್ತಾರೆ, ಜೊತೆಯವರು ಎಚ್ಚರ ಇರುತ್ತಾರೆ. ಪೆನ್ನು ತೆಗೆದುಕೊಂಡೆ. ಯಾಕೋ ಕೇಳಬೇಕೆನಿಸಿತು.

"ನೀವೆಷ್ಟೊತ್ತು ಮಲಗಿದ್ರಿ ಡೆಲ್ಬರ್ಟ್?"

ಅವನು ಕಿಟಕಿ ಕಡೆ ತಿರುಗಿದ.

"ನಿಮ್ಮನ್ನೇ ಕೇಳಿದ್ದು."

"ಹಿಮ ಬಿದ್ದಿತ್ತು. ಮನೆಯಿಂದ ಕಾರಲ್ಲಿ ಬರೋಕೆ ಏಳು ಗಂಟೆ ಹಿಡೀತು. ಮನಿಕಳಕ್ಕೆ ಎಲ್ಲಿ ಪುರ್ಸೊತ್ತು."

"ಹಂಗಾದ್ರೆ ಎಚ್ಚರ ಇರೋದ್ಯಾರು?"

ಹಿಂದಿನಿಂದ ಯಾರೋ ಚೀಲವನ್ನು ಮೇಲಿನ ಗೂಡಿಗೆ ತುರುಕುತ್ತ ನಗುತ್ತಿದ್ದರು. ಅವರೂ, ಅವರ ಚೀಲವೂ, ಡೆಲ್ಬರ್ಟನೂ, ನಾನೂ, ಎಲ್ಲ ಒಂದೇ ಡಬ್ಬಿಯಲ್ಲಿ. ಸಹಿಯ ಜಾಗದಲ್ಲಿ 'ಸಮರ್ಥಳಲ್ಲ' ಎಂದು ದೊಡ್ಡದಾಗಿ ಬರೆದು, ಕೆಳಗೆ ಸಮಯ ಹಾಕಿ, ಹಾಳೆಯನ್ನು ವಾಪಸ್ ಕೊಟ್ಟೆ.

ಅದನ್ನು ನೋಡಿ ಡೆಲ್ಬರ್ಟ್ ನಿಟ್ಟುಸಿರುಬಿಟ್ಟ. ಆಮೇಲೆ ತನ್ನ ಸಹಿಯ ಮೇಲೆ ಎರಡು ಗೆರೆ ಎಳೆದ. "ಥೂ, ನನ್ ಹೆಂಡ್ರು ಇವತ್ತು ನನ್ನ ಸಾಯಿಸ್ತಾಳೆ," ಎಂದು ಫೋನ್ ಎತ್ತಿ ಸುದ್ದಿ ತಿಳಿಸಿದ.

ಐದು ನಿಮಿಷಕ್ಕೆ ಕರ್ಟ್ ಓಡಿಬಂದ. ಕಾಕ್‌ಪಿಟ್ ಬಾಗಿಲಲ್ಲೇ ನಿಂತು, ಹಿಂದಿನವರಿಗೆ ಕೇಳಿಸದ ಹಾಗೆ ಹಲ್ಲು ಕಚ್ಚಿ ಮಾತಾಡಿದ.

"ಏನೇ ನಿನ್ನ ನಾಟಕ? ಏಳು ಐವತ್ತೈದಕ್ಕೆ ಬ್ರೇಕ್ ಬಿಡ್ಬೇಕು. ಇಲ್ಲಾಂದ್ರೆ ದೊಡ್ಡೋರು ನಮಗೆ ದಂಡ ಹಾಕ್ತಾರೆ."

"ನಾನು ಬರ್ದಾಗಿದೆ."

"ಹರಿದ್ಹಾಕು. ಬೇರೆ ಹಾಳೆ ತರಿಸ್ತೀನಿ. ಮೊದಲು ಬಾಗಿಲು ಮುಚ್ಚಿ, ಬ್ರೇಕ್ ಬಿಟ್ಟು, ಎರಡಡಿ ಹಿಂದಕ್ಕೆ ಸರಿಸಿ. ಹೊರಟಿದ್ದು ಅಂತ ದಾಖಲಾಗುತ್ತೆ. ಆಮೇಲೆ ನಿಮ್ಮ ಗೋಳು ಕೇಳ್ತೀನಿ."

"ಇಂಧನದ ಅಂಕಿ ತಪ್ಪು ಓದಿದೀನಿ ಕರ್ಟ್. ಎರಡು ಸಲ."

"ಕಾಫಿ ಕುಡಿ. ಸತ್ಯವಾಗ್ಲೂ ಹೇಳ್ತಿದೀನಿ, ಇವತ್ತು ಇಳಿದ್ರೆ ಜೂನ್ ಮರೆತುಬಿಡು. ಗಣಿ ಊರಿಂದ ಬಂದ ನಿಮಗೆಲ್ಲ ಸೀಟು ಕೊಟ್ಟಿದ್ದೇ ತಪ್ಪು. ನಿಮ್ಮಪ್ಪ ಮಣ್ಣು ಎತ್ತಿದ, ನಿಂಗೂ ಅದೇ ಸರಿ."

ಡೆಲ್ಬರ್ಟ್ ಸೀಟಿನಿಂದ ಪೂರ್ತಿ ತಿರುಗಿದ. "ಅವಳಪ್ಪನ ಸುದ್ದಿಗೆ ಬಂದ್ರೆ ಹಲ್ಲು ಉದುರಿಸ್ತೀನಿ ಬೋಳಿಮಗನೆ. ನಿಂಗೂ ಲೈಸೆನ್ಸ್ ಐತಲ್ಲ, ಹಾಸ್ಗೆ ಮ್ಯಾಲೆ ಮನಿಕಂಡು ಬಂದಿದ್ಯಲ್ಲ, ಬಾ, ನೀನೇ ಓಡ್ಸು."

"ನಂಗೆ ಮೀಟಿಂಗ್ ಇದೆ," ಎಂದ ಕರ್ಟ್. ಆಮೇಲೆ ನನಗೆ, "ಜನಕ್ಕೆ ಹವಾಮಾನ ಸರಿಯಿಲ್ಲ ಅಂತ ಹೇಳಿ ಇಳಿ," ಎಂದ.

ಯಾವಾಗಲೂ ನಾವು ಹೇಳುವುದು ಅದನ್ನೇ. ಆಕಾಶ ಯಾರ ಮೇಲೂ ಕೇಸು ಹಾಕುವುದಿಲ್ಲವಲ್ಲ. ನಾನು ಎದ್ದು, ಮೈಕ್ ತೆಗೆದುಕೊಂಡು, ಪ್ರಯಾಣಿಕರ ಎದುರಿಗೇ ನಿಂತೆ. ನಲವತ್ತೆಂಟು ಮುಖ.

"ನಮಸ್ಕಾರ. ನಾನು ಕೋ-ಪೈಲಟ್ ಮಾರ್ನಿ ಕೊಸ್ಕೆಲಾ. ಹವಾಮಾನ ಚೆನ್ನಾಗಿದೆ. ವಿಮಾನನೂ ಚೆನ್ನಾಗಿದೆ. ನಿಮ್ಮ ಟಿಕೆಟ್ ಮೇಲಿರೋ ಕಂಪನಿ ನಮ್ಮದಲ್ಲ, ನಾವು ಪೈನ್ ರಿವರ್ ಅಂತ ಗುತ್ತಿಗೆಯವರು. ರಾತ್ರಿ ನಾನು ಕೆಳಗಡೆ ನೆಲದ ಮೇಲೆ ಮೂರು ಗಂಟೆ ಮಲಗಿದೀನಿ. ಕ್ಯಾಪ್ಟನ್ ಅಷ್ಟೂ ಮಲಗಿಲ್ಲ. ನಿಮ್ಮನ್ನ ಕರ್ಕೊಂಡು ಹೋಗೋ ಸ್ಥಿತೀಲಿ ನಾವಿಲ್ಲ. ಅದಕ್ಕೇ ಇಳೀತಿದೀವಿ."

ಕರ್ಟ್ ಮೈಕಿನ ತಂತಿ ಕಿತ್ತುಕೊಂಡ. ಅಷ್ಟರಲ್ಲಿ ಹೇಳುವುದನ್ನು ಹೇಳಿ ಮುಗಿಸಿದ್ದೆ.

ನಾಲ್ಕನೇ ಸಾಲಿನ ಒಬ್ಬ, "ದರಿದ್ರದವ್ರು, ನನ್ನ ಕೆಲಸ ಹಾಳಾಯ್ತಲ್ಲ," ಎಂದು ಬೈದ. ಇನ್ನೊಬ್ಬ ಫೋನಿನಲ್ಲಿ ನನ್ನ ಚಿತ್ರ ಹಿಡಿದ. ಮೊದಲ ಸಾಲಿನಲ್ಲಿ ಕೆಂಪು ಉಣ್ಣೆಯ ಟೋಪಿಯ ಮುದುಕಿಯೊಬ್ಬಳು ಕೂತಿದ್ದಳು. ನನ್ನನ್ನೇ ನೋಡುತ್ತಿದ್ದಳು.

"ಬದಲಿ ಪೈಲಟ್‌ಗಳು ಬರ್ತಿದಾರೆ, ಯಾರೂ ಏಳ್ಬೇಡಿ," ಎಂದು ಕರ್ಟ್ ಹಲ್ಲು ಕಿರಿದು, ಕೆಳಗಿನ ಕೋಣೆಗೆ ಫೋನ್ ಮಾಡಿದ. "ಯಾರಿದಾರೋ ಕಳಿಸಿ. ಯಾರಾದ್ರೂ ಸರಿ."

ನಾನೂ ಡೆಲ್ಬರ್ಟನೂ ಚೀಲ ಎತ್ತಿಕೊಂಡು ಬಾಗಿಲಿಗೆ ಬರುವಷ್ಟರಲ್ಲಿ ಮೊದಲ ಬದಲಿ ಬಂದಾಗಿತ್ತು. ಒಫೀಲಿಯಾ ಬರ್ರಾಗಾನ್, ನಲವತ್ತು ದಾಟಿದವಳು, ಎಲ್ ಪಾಸೋ ಕಡೆಯವಳು, ಇಬ್ಬರು ಮಕ್ಕಳ ತಾಯಿ. ಸಾಲಿನಲ್ಲಿ ನನ್ನ ನಂತರದ ಹೆಸರು ಅವಳದು. ನಾನು ಇಳಿದರೆ ಜೂನ್ ಅವಳದಾಗುತ್ತದೆ. ಅದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಕರ್ಟ್ ಹೊಸ ಹಾಳೆ, ಪೆನ್ನು ಎರಡನ್ನೂ ಅವಳ ಕೈಗೆ ತುರುಕಿದ.

"ಬೇಗ ಸೈನ್ ಹಾಕು."

ಆಗ ಮುದುಕಿ ಬಾಯಿ ತೆರೆದಳು.

"ಮಗಳೇ, ರಾತ್ರಿ ನೀನೆಲ್ಲಿ ಮಲಗಿದ್ದೆ?"

"ಅಜ್ಜಿ, ಸುಮ್ನೆ ಕೂತ್ಕೊಳ್ಳಿ," ಎಂದ ಕರ್ಟ್.

"ನಿನ್ನನ್ನ ಕೇಳಿಲ್ಲಪ್ಪ, ಅವಳನ್ನ ಕೇಳ್ದೆ."

ಒಫೀಲಿಯಾ ಮುದುಕಿಯನ್ನು ನೋಡಿದಳು. ನನ್ನ ಮುಖ ನೋಡಿದಳು. ಹಿಂದಿನ ಸಾಲುಗಳವರು ಉತ್ತರ ಕೇಳಲು ಕತ್ತು ಮುಂದಕ್ಕೆ ಚಾಚಿದ್ದರು.

"ನೆಲದ ಮೇಲೆ," ಎಂದಳು ಒಫೀಲಿಯಾ. ಒಳಗೆ ತರಬೇಕಿದ್ದ ಚೀಲವನ್ನು ಬಾಗಿಲಾಚೆ ಇಳಿಸಿ, ಹಾಳೆಯನ್ನು ಗೋಡೆಗೆ ಒತ್ತಿ ಹಿಡಿದು, ಸಹಿಯ ಜಾಗದಲ್ಲಿ ಒಂದೊಂದೇ ಅಕ್ಷರ ತಿದ್ದಿ ಬರೆಯತೊಡಗಿದಳು. ಅವಳ ಸಹಿ ಅಷ್ಟು ಉದ್ದವಿಲ್ಲವೆಂದು ನನಗೆ ಗೊತ್ತು.