ಆರನೆಯ ಬೆರಳು

ಅತ್ತಿಗುಪ್ಪೆಯ ಕೆಂಚಪ್ಪನ ಮನೆತನದವರಿಗೆ ಎಡಗಾಲಿನಲ್ಲಿ ಆರು ಬೆರಳು. ಮೂಲಪುರುಷ ಕೆಂಚಪ್ಪನಿಗೆ ಅದು ಆಕಸ್ಮಿಕವಾಗಿ ಬಂದಿತ್ತು. ಆಮೇಲಿನ ಐದು ತಲೆಮಾರಿನವರು ಅಕ್ಕನ ಮಗಳನ್ನೋ ಅತ್ತೆಯ ಮಗನನ್ನೋ ಬಿಟ್ಟು ಬೇರೆ ಯಾರನ್ನೂ ಮದುವೆಯಾಗದೆ ಅದನ್ನು ಕಾಪಾಡಿಕೊಂಡು ಬಂದರು. ಮಗು ಹುಟ್ಟಿದರೆ ಗಂಡೋ ಹೆಣ್ಣೋ ಎಂದು ನೋಡುವ ಮೊದಲು ಕಾಲು ನೋಡುತ್ತಿದ್ದರು. ನಾಯಂಡಹಳ್ಳಿಯಲ್ಲಿ ಚಪ್ಪಲಿ ಹೊಲಿಯುವವನು ಈ ಮನೆಗೆಂದೇ ಅಗಲವಾದ ಒಂದು ಎಡಗಾಲಿನ ಅಚ್ಚು ಇಟ್ಟಿದ್ದ.

1974ರಲ್ಲಿ ಈ ಮನೆಯ ಇಂದ್ರಮ್ಮ ಬಿ.ಎಸ್ಸಿ. ಎರಡನೇ ವರ್ಷದಲ್ಲಿದ್ದಳು. ಯುಗಾದಿ ಕಳೆದ ಮೇಲೆ ಮದುವೆ ಎಂದು ಅಜ್ಜಿ ಅಕ್ಕಯ್ಯಮ್ಮ ತೀರ್ಮಾನಿಸಿದಳು. ಗಂಡು ಅಜ್ಜಿಯ ಮಗನೇ ಆದ ನಾಗರಾಜು, ಇಂದ್ರಮ್ಮನಿಗೆ ಸೋದರಮಾವ. ಅವನ ಮೇಲೆ ಅವಳಿಗೆ ದ್ವೇಷವೇನೂ ಇರಲಿಲ್ಲ. ಊಟ ಮಾಡುವಾಗ ಮೂಗಿನಿಂದ ಸದ್ದು ಮಾಡುತ್ತಿದ್ದ, ಅಷ್ಟೇ. ಆದರೆ ಮದುವೆಯಾದರೆ ಓದು ಅಲ್ಲಿಗೆ ಮುಗಿಯುತ್ತಿತ್ತು. ಅವಳಿಗೆ ಬೇಕಾಗಿದ್ದದ್ದು ಇನ್ನೊಂದು ವರ್ಷ ಮತ್ತು ಒಂದು ಡಿಗ್ರಿ.

ಮೊದಲು ವಿಜ್ಞಾನದಿಂದ ಪ್ರಯತ್ನಿಸಿದಳು. ಒಂದು ಮೂಟೆ ಅವರೆಯಲ್ಲಿ ನಾಲ್ಕು ಕರಿಕಾಳಿದ್ದು, ಒಂದೇ ಹಿಡಿ ತೆಗೆದು ಬಿತ್ತಿದಾಗ ಅದೃಷ್ಟಕ್ಕೆ ಆ ಹಿಡಿಯಲ್ಲೇ ಮೂರು ಕರಿಕಾಳು ಬಂದುಬಿಟ್ಟರೆ, ಬರಬರುತ್ತಾ ಹೊಲವೆಲ್ಲ ಕರಿಯಾಗಬಹುದು, ನಮ್ಮ ಮನೆಯ ಆರನೆಯ ಬೆರಳೂ ಹಾಗೆಯೇ ಎಂದು ಅಜ್ಜಿಗೆ ಕಾಳು ಹರಡಿ ತೋರಿಸಿದಳು. ಕರಿ ಅವರೆಗೇ ಸೊಗಡು ಜಾಸ್ತಿ ಎಂದಳು ಅಜ್ಜಿ. ಅವಳು ಹೆತ್ತ ಒಂಬತ್ತರಲ್ಲಿ ಉಳಿದದ್ದು ಎರಡೇ ಏಕೆ ಎಂದು ಇಂದ್ರಮ್ಮ ನೇರವಾಗಿ ಕೇಳಿದಳು. ದೃಷ್ಟಿಯಾಗಿತ್ತು ಎಂದು ಅಜ್ಜಿ ಕಾಳುಗಳನ್ನು ಬಾಚಿಕೊಂಡು ಸಾರಿಗೆ ಹಾಕಿದಳು.

ಆಮೇಲೆ ಇಂದ್ರಮ್ಮ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ವಂಶವೃಕ್ಷ ಬರೆಯತೊಡಗಿದಳು. ನೆಂಟರೊಳಗಿನ ಮದುವೆಗೆ ಜೋಡಿಗೆರೆ ಎಳೆಯಬೇಕೆಂಬುದು ಪುಸ್ತಕದ ನಿಯಮ. ಎಲ್ಲವೂ ಜೋಡಿಗೆರೆಯೇ ಆಗಿ, ಚಿತ್ರ ಮೆಜೆಸ್ಟಿಕ್ ಹಿಂದಿನ ರೈಲ್ವೆ ಯಾರ್ಡಿನಂತೆ ಕಂಡಿತು. ಅಜ್ಜಿ ಹೆದರುತ್ತಾಳೆ ಎಂದುಕೊಂಡಿದ್ದಳು. ಅಜ್ಜಿಗೆ ಹಿಗ್ಗೋ ಹಿಗ್ಗು. ಪಕ್ಕದಲ್ಲೇ ಕುಳಿತು ಸತ್ತವರನ್ನೆಲ್ಲ ನೆನೆಸಿಕೊಂಡು ಬರೆಸಿದಳು. ಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕೋಣ ಎಂದಳು.

ಇಂದ್ರಮ್ಮನ ತಂದೆಯ ಅಣ್ಣ ಕೃಷ್ಣಯ್ಯನ ಹೆಸರು ಬಂತು. ಅವನಿಗೆ ಮಕ್ಕಳಿಲ್ಲ.

"ಮತ್ತೆ ಕೊಳ್ಳಿ ಇಟ್ಟಿದ್ದು ಯಾರು?" ಎಂದು ಇಂದ್ರಮ್ಮ ಸುಮ್ಮನೆ ಕೇಳಿದಳು.

"ನಮ್ಮ ನಾಗರಾಜೂನೇ. ಆಗ ಆರು ವರ್ಷ ಮಗೀಗೆ. ಕೃಷ್ಣಯ್ಯ ಇನ್ನೂ ಉಸಿರಾಡ್ತಿದ್ದ, ಪುರೋಹಿತರನ್ನ ಕರೆಸಿ ದತ್ತು ಕೊಟ್ಬಿಟ್ವಿ. ಈಗ್ಲೂ ವರ್ಷಾ ವರ್ಷಾ ಎಡೆ ಇಡ್ತಾನಲ್ಲ."

ಇಂದ್ರಮ್ಮ ಕೃಷ್ಣಯ್ಯನಿಂದ ನಾಗರಾಜುವಿಗೆ ಹೊಸದೊಂದು ಗೆರೆ ಎಳೆದಳು.

"ಅಂದ್ರೆ ಅವನು ನಂಗೆ ದೊಡ್ಡಪ್ಪನ ಮಗ. ಅಣ್ಣ ಆಗ್ಬೇಕು ಕಣಜ್ಜಿ."

ಅಜ್ಜಿ ಹೆಬ್ಬೆರಳಿನಿಂದ ಆ ಗೆರೆಯನ್ನು ಉಜ್ಜಿ ನೋಡಿದಳು.

"ಅಳಿಸು ಅದನ್ನ."

"ಇಂಕು."

ಆ ಗೆರೆಯಲ್ಲಿ ಒಂದು ತೊಟ್ಟೂ ಹೊಸ ರಕ್ತವಿರಲಿಲ್ಲ, ರಕ್ತದ ಲೆಕ್ಕದಲ್ಲಿ ನಾಗರಾಜು ಮೊದಲಿನ ಸೋದರಮಾವನೇ. ಆದರೆ ಅಣ್ಣನಿಗೆ ತಂಗಿಯನ್ನು ಕೊಡುವ ಪದ್ಧತಿ ಆ ಮನೆಯಲ್ಲಿರಲಿಲ್ಲ. ಮೂರು ದಿನ ಅಜ್ಜಿ ಸರಿಯಾಗಿ ಉಣ್ಣಲಿಲ್ಲ. ನಾಲ್ಕನೇ ದಿನ ಹೊರಗಿನ ಗಂಡು ನೋಡಲು ಒಪ್ಪಿದಳು.

ಇಂದ್ರಮ್ಮನಿಗೆ ಇದು ಹೊಳೆದಿರಲಿಲ್ಲ. ಹೊರಗಿನ ಗಂಡನ್ನು ಕಟ್ಟಿಕೊಂಡರೂ ಓದು ಹೋಗುವುದೇ.

ಅವಳನ್ನು ಉಳಿಸಿದವನು ನಾಗರಾಜು. ಅಣ್ಣನಾದ ಮೇಲೆ ಗಂಡು ಪರೀಕ್ಷಿಸುವ ಜವಾಬ್ದಾರಿ ತನ್ನದು ಎಂದು ಅವನು ತೀರ್ಮಾನಿಸಿದ. ಕೆಂಗೇರಿಯಿಂದ ಬಂದ ವೆಂಕಟೇಶ್ ಎಂಬ ಗುಮಾಸ್ತನ ಬೂಟು, ಕಾಲುಚೀಲ ಬಿಚ್ಚಿಸಿ, ಎಡಗಾಲನ್ನು ತೊಡೆಯ ಮೇಲಿಟ್ಟುಕೊಂಡು ಎರಡು ಸಲ ಎಣಿಸಿದ. ಉಳಿದದ್ದು ಯಾವಾಗ ಹೋಯಿತು ಎಂದು ಅಜ್ಜಿ ಮರುಕದಿಂದ ವಿಚಾರಿಸಿದಳು. ವೆಂಕಟೇಶ್ ಉಪ್ಪಿಟ್ಟು ಅರ್ಧಕ್ಕೆ ಬಿಟ್ಟು ಎದ್ದ.

ಮುಂದಿನ ಯುಗಾದಿಯೊಳಗೆ ಇನ್ನೂ ಏಳು ಗಂಡು ಬಂದು ಹೋದವು. ನಾಗರಾಜುವಿಗೆ ಒಬ್ಬನೂ ಪೂರ್ತಿಯಾಗಿ ಕಾಣಲಿಲ್ಲ. ಜಗತ್ತಿನಲ್ಲಿ ಉಳಿದವರಿಗೆಲ್ಲ ಐದೇ ಬೆರಳು ಎಂದು ಅವನಿಗೆ ಯಾರೂ ಹೇಳಲಿಲ್ಲ. ಹೇಳಬೇಕಾಗಿದ್ದವಳು ಒಳಗೆ ಕೊನೆಯ ವರ್ಷದ ಪರೀಕ್ಷೆಗೆ ಓದುತ್ತಿದ್ದಳು.