ಅಪ್ಪನ ಎಡ ಹುಬ್ಬು

ಹುಬ್ಬು ಏರಿಸಿ ಕೈ ಆಡಿಸಿದರೆ ಅಪ್ಪ ಏನನ್ನೋ ಕೇಳುತ್ತಿದ್ದಾರೆಂದು ಅರ್ಥ. ಅದೇ ಸನ್ನೆಯನ್ನು ಹುಬ್ಬು ಗಂಟಿಕ್ಕಿ ಮಾಡಿದರೆ ಗದರಿಕೆ. ನಮ್ಮ ಮನೆಯಲ್ಲಿ ಮಾತೆಂದರೆ ಕೈ ಮತ್ತು ಮುಖ. ಅಪ್ಪ ಭದ್ರಪ್ಪ, ಅಮ್ಮ ನಾಗವೇಣಿ, ಇಬ್ಬರೂ ಹುಟ್ಟುಕಿವುಡರು. ಕಿವಿ ಕೇಳುತ್ತಿದ್ದುದು ನನಗೊಬ್ಬಳಿಗೇ. ಹೊರಗಿನವರ ಮಾತನ್ನು ಅವರಿಗೆ ದಾಟಿಸುವುದು ಚಿಕ್ಕಂದಿನಿಂದ ನನ್ನ ಕೆಲಸವಾಗಿತ್ತು.

ಆ ವರ್ಷ ಅಪ್ಪ ನಡೆಯುವಾಗ ಎಡಕ್ಕೆ ವಾಲತೊಡಗಿದರು. ಎರಡನೆಯ ಸ್ಕ್ಯಾನ್ ಮುಗಿದ ಮೇಲೆ ಡಾಕ್ಟರ್ ವಾದಿರಾಜ ಅಪ್ಪನನ್ನೂ ನನ್ನನ್ನೂ ಒಳಗೆ ಕರೆದರು. ಪರದೆಯ ಮೇಲೆ, ಎಡಗಿವಿಯ ಹಿಂದೆ, ಬಿಳಿಯ ಗಡ್ಡೆಯೊಂದು ಮೆದುಳನ್ನು ಒತ್ತಿಕೊಂಡು ಕೂತಿತ್ತು.

“ನೋಡಮ್ಮ, ಕ್ಯಾನ್ಸರ್ ಅಲ್ಲ. ಆದ್ರೆ ಹೀಗೇ ಬಿಟ್ರೆ ಪ್ರಾಣಕ್ಕೆ ಅಪಾಯ,” ಎಂದ ಅವರು ಗಡ್ಡೆಯ ಅಂಚಿನಲ್ಲಿದ್ದ ಕೂದಲೆಳೆಯಂಥ ಗೆರೆಯನ್ನು ಪೆನ್ನಿನಿಂದ ತೋರಿಸಿದರು. “ಇದು ಮುಖದ ನರ. ಆಪರೇಷನ್‌ಗೆ ಕೈ ಹಾಕೋ ಮೊದಲೇ ಎಲ್ಲಿದೆ ಅಂತ ತಿಳೀಲಿ ಅಂತಾನೇ ಈ ಸ್ಕ್ಯಾನ್ ಮಾಡಿಸಿದ್ದು. ಗಡ್ಡೆಗೆ ಅಂಟ್ಕೊಂಡು ತೆಳ್ಳಗಾಗಿದೆ. ಪೂರ್ತಿ ತೆಗೆದ್ರೆ ಎಡಗಡೆ ಮುಖ ಬಿದ್ದುಹೋಗಬಹುದು. ನರದ ಮೇಲಿನ ಚೂರು ಹಾಗೇ ಬಿಟ್ರೆ ಮುಖ ಉಳಿಯೋ ಆಸೆ ಇದೆ, ಆದ್ರೆ ಗಡ್ಡೆ ಮತ್ತೆ ಬೆಳೀಬಹುದು. ನಿಮ್ಮ ತಂದೇನ ಕೇಳಿ.”

ಅಪ್ಪ ನನ್ನ ಕಡೆ ತಿರುಗಿದರು. ನನಗೆ ಅವರ ಮುಖ ಹೋದರೂ ಚಿಂತೆಯಿರಲಿಲ್ಲ, ಅವರು ಉಳಿಯಬೇಕಿತ್ತು.

“ಸಣ್ಣ ಗಡ್ಡೆ. ಪೂರ್ತಿ ತೆಗೆಯುತ್ತಾರೆ. ಹದಿನೈದು ದಿನದಲ್ಲಿ ಮನೆಗೆ ಬರಬಹುದು,” ಎಂದು ಸನ್ನೆ ಮಾಡಿದೆ. ಡಾಕ್ಟರ ಕಡೆ ತಿರುಗಿ, “ಪೂರ್ತಿ ತೆಗೀರಿ ಅಂತಿದಾರೆ,” ಎಂದೆ.

ಅಪ್ಪ ಮೂವತ್ತು ವರ್ಷ ಮುದ್ರಣಾಲಯದಲ್ಲಿ ಪ್ರೂಫ್ ತಿದ್ದಿದವರು. ನನ್ನನ್ನೇ ದಿಟ್ಟಿಸಿ ನೋಡಿ, ಡಾಕ್ಟರ ಪೆನ್ನು ತೆಗೆದುಕೊಂಡು ಚೀಟಿಯ ಹಿಂಬದಿಯಲ್ಲಿ ಬರೆದರು: “ಇವಳು ಹೇಳದೆ ಬಿಟ್ಟದ್ದು ಏನು?”

ಡಾಕ್ಟರು ನನ್ನನ್ನೊಮ್ಮೆ ನೋಡಿ, ತುಂಬ ಹೊತ್ತು ಬರೆದರು. ಅಪ್ಪ ಎರಡು ಸಲ ಓದಿದರು. ಸಿಟ್ಟಾಗಲಿಲ್ಲ. “ಮುಖ ಇಲ್ಲದೆ ನಿನ್ನಮ್ಮನ ಹತ್ತಿರ ಹೇಗೆ ಮಾತಾಡಲಿ?” ಎಂದರು ಕೈಯಲ್ಲಿ.

ಮತ್ತೇನೋ ಹೇಳಲು ಹೊರಟ ಅವರ ಎರಡೂ ಮಣಿಕಟ್ಟುಗಳನ್ನು ನಾನು ಹಿಡಿದುಬಿಟ್ಟೆ. ಬಾಯಲ್ಲಿ ಮಾತಾಡುವವರ ಬಾಯಿ ಮುಚ್ಚಿದಂತೆಯೇ ಅದು. “ಬೇಡಪ್ಪಾ, ಬೇಡ,” ಎಂದು ಕೇಳಿಸದ ಅವರ ಎದುರು ಕೂಗಿ ಅತ್ತೆ. ಅಪ್ಪ ಮೆಲ್ಲಗೆ ಒಂದು ಕೈ ಬಿಡಿಸಿಕೊಂಡು, “ಚೂರು ಬಿಡಿ,” ಎಂದು ಬರೆದು ಕೆಳಗೆ ಸಹಿ ಹಾಕಿದರು.

ಶಸ್ತ್ರಚಿಕಿತ್ಸೆ ಒಂಬತ್ತು ಗಂಟೆ ನಡೆಯಿತು. ಹೊರಬಂದ ಡಾಕ್ಟರ ಕಣ್ಣು ಕೆಂಪಗಾಗಿತ್ತು. “ನರ ಸ್ಕ್ಯಾನಲ್ಲಿ ಕಂಡ ಕಡೇನೇ ಇತ್ತಮ್ಮ. ಕಡಿದಿಲ್ಲ, ಚೂರು ಬಿಟ್ಟೇ ಬಂದಿದ್ದೀವಿ. ಆದ್ರೂ ಮುಖ ಅಲ್ಲಾಡ್ತಿಲ್ಲ. ತಿಂಗಳುಗಟ್ಟಲೆ ಕಾಯಬೇಕು. ಬಂದೇ ಬರುತ್ತೆ ಅಂತ ನಾನು ಹೇಳಲಾರೆ.”

ಮೂರನೆಯ ದಿನ ಅಮ್ಮನನ್ನು ಒಳಗೆ ಬಿಟ್ಟರು. ಅಪ್ಪನ ಎಡಗಣ್ಣಿಗೆ ಪಟ್ಟಿ ಅಂಟಿಸಿದ್ದರು. ಬಾಯಿಯ ಎಡತುದಿ ಜೋತುಬಿದ್ದಿತ್ತು. ಅಮ್ಮನನ್ನು ಕಂಡು ಅವರ ಕೈ ಆಡಿತು: ನೀನು, ಮನೆ, ಹೋಗು. ಮನೆಗೆ ಹೋಗಿದ್ದೆಯಾ ಎಂದೋ, ಹೋಗು ಎಂದೋ, ಇಲ್ಲೇಕೆ ಬಂದೆ ಎಂದೋ! ಬಲ ಹುಬ್ಬು ತುಸು ಅಲುಗಿತು; ಏರಿತೋ ಗಂಟಿಕ್ಕಿತೋ ತಿಳಿಯಲಿಲ್ಲ. ಎಡದ್ದು ಸತ್ತಂತೆ ಬಿದ್ದಿತ್ತು.

ಅಮ್ಮ ನನ್ನತ್ತ ತಿರುಗಿ, “ಏನಂದರು?” ಎಂದು ಕೇಳಿದಳು.

ಅವರಿಬ್ಬರ ಮಾತಿನ ನಡುವೆ ಅದುವರೆಗೆ ಯಾರೂ ನಿಂತದ್ದಿಲ್ಲ. ಏನಾದರೊಂದು ಹೇಳಿ ಅವಳನ್ನು ಸಮಾಧಾನಪಡಿಸಬಹುದಿತ್ತು. “ಗೊತ್ತಾಗಲಿಲ್ಲಮ್ಮ,” ಎಂದೆ.

ಅಮ್ಮ ಸ್ಟೂಲನ್ನು ಮಂಚಕ್ಕೆ ತಾಗುವಷ್ಟು ಹತ್ತಿರ ಎಳೆದುಕೊಂಡು ಕೂತು, ಇನ್ನೊಮ್ಮೆ ಹೇಳಿ ಎಂದಳು. ಅಪ್ಪ ಡ್ರಿಪ್ ಸೂಜಿ ಚುಚ್ಚಿದ್ದ ಕೈಯನ್ನು ನಿಧಾನವಾಗಿ ಮೇಲೆತ್ತಿದರು.