ಸೋದರಮಾವನ ಸೀರೆ

ಸೂಗಮ್ಮನ ಮನೆಯಲ್ಲಿ ಬೆಳಗಾಗುವುದು ರೊಟ್ಟಿ ಬಡಿಯುವ ಸದ್ದಿನಿಂದ. ಗಂಡ ತೀರಿಕೊಂಡ ಮಗಳು ಅಂಬುಬಾಯಿ ಬುತ್ತಿ ಕಟ್ಟಿಕೊಂಡು ಹೈದರಾಬಾದಿನ ಅಂಚಿನ ಪಟಾನ್‌ಚೆರುವಿನ ಔಷಧಿ ಕಾರ್ಖಾನೆಗೆ ಓಡುವಳು. ಹದಿಮೂರರ ಮೊಮ್ಮಗಳು ಗಂಗೂ ನೀರು ತುಂಬಿ, ಕಸ ಗುಡಿಸಿ, ಎಲ್ಲರಿಗಿಂತ ಮೊದಲು ನಮ್ಮ ಶಾಲೆಯ ಚಾಪೆಯ ಮೇಲೆ ಬಂದು ಕೂರುವಳು.

ಶಾಲೆ ಎಂದರೆ ದೊಡ್ಡ ಮಾತಾಯಿತು. ಹೈದರಾಬಾದಿನ ಇಂಜಿನಿಯರಿಂಗ್ ಕಾಲೇಜಿನ ಹನ್ನೆರಡು ಮಂದಿ ನಾವು, ಹತ್ತು ದಿನದ ಸೇವಾ ಶಿಬಿರಕ್ಕೆಂದು ಸೂಗಮ್ಮನ ಕೇರಿಗೆ ಹೋಗಿದ್ದೆವು. ಸಾಫ್ಟ್‌ವೇರ್ ಕಂಪನಿಗಳು ಕಾಲೇಜಿಗೇ ಬಂದು ಹುಡುಗರನ್ನು ಆರಿಸುತ್ತಿದ್ದ ಕಾಲ. ಅರ್ಜಿಯ ಜೊತೆ ಸಮಾಜಸೇವೆಯ ಸರ್ಟಿಫಿಕೇಟು ಇದ್ದರೆ ಚೆಂದ ಎಂದು ಯಾರೋ ಹೇಳಿದ್ದರು. ನಾನೂ ಅದಕ್ಕೇ ಹೋದವಳು, ಸುಳ್ಳು ಯಾಕೆ ಹೇಳಲಿ?

ಕೇರಿಯವರು ದುಡಿಯಲು ಬಂದ ಗುಲಬರ್ಗಾ ಕಡೆಯವರು. ನಮ್ಮ ತಂಡದಲ್ಲಿ ಕನ್ನಡ ಬಲ್ಲವಳು ಧಾರವಾಡ ಮೂಲದ ನಾನೊಬ್ಬಳೇ. ಮೂರನೆಯ ದಿನದ ನಂತರ ಗಂಗೂ ಪಾಠಕ್ಕೆ ಬರಲಿಲ್ಲ, ಮೈನೆರೆದಿದ್ದಾಳೆ ಎಂದರು. ಎಂಟನೆಯ ದಿನ ಆರತಿಗೆ ಸೂಗಮ್ಮ ಕರೆದಳು.

"ನೇತ್ರಾ ಟೀಚರ್, ಸೀರಿ ನೀವ ಉಡಸ್ರಿ. ಓದಿದವರ ಕೈ ಛಲೋ."

ಸೋದರಮಾವ ದಿನೇಶ ತಂದ ಹಸಿರು ಸೀರೆಯನ್ನು ನಾನೇ ಉಡಿಸಿದೆ. ಮೈಗೆ ನಿಲ್ಲದೆ ಜಾರುತ್ತಿದ್ದುದಕ್ಕೆ ನಾಲ್ಕು ಪಿನ್ನು ಚುಚ್ಚಿದೆ. ಗೆಳೆಯರು ಫೋಟೋ ತೆಗೆದು, ಎಂಥ ಸಂಪ್ರದಾಯ ಎಂದು ಹಿಗ್ಗಿದರು. ಗಂಗೂ ನನ್ನ ಮುಖವನ್ನೇ ನೋಡುತ್ತಿದ್ದಳು. ನಾಚಿಕೆ ಎಂದುಕೊಂಡೆ. ಕಣ್ಣಿದ್ದೂ ಕುರುಡಿ ನಾನು.

ಮರುದಿನವೂ ಅವಳು ಬರಲಿಲ್ಲ. ಸಂಜೆ ಕರೆಯಲು ಹೋದೆ.

"ಇನ್ನೆಂಥಾ ಸಾಲಿ ಬಿಡ್ರಿ," ಎಂದಳು ಸೂಗಮ್ಮ. "ನಮ್ಮ ಮಂದ್ಯಾಗ ಸೋದರಮಾವನ ಸೀರಿ ಉಟ್ಟಳಂದ್ರ ಮಾತು ಆದಂಗ. ಬರೋ ತಿಂಗಳ ದಿನೇಶನ ಜೋಡಿ ಲಗ್ನ."

ಆ ಸೀರೆ ಉಡಿಸಿದವಳು ನಾನು.

"ಅವಗ ಮೂವತ್ತಾಗೈತಿ, ಅಜ್ಜೀ. ಇಕಿ ಇನ್ನೂ ಕೂಸು. ಈ ವಯಸ್ಸಿನ್ಯಾಗ ಬಸುರಾದ್ರ ಜೀವಕ್ಕ ಅಪಾಯ. ಕಾನೂನೂ ಒಪ್ಪಂಗಿಲ್ಲ."

"ನನ್ನ ಲಗ್ನ ಹನ್ನೊಂದಕ್ಕ ಆತು. ಸತ್ತೀನೇನು? ನನ್ನ ಮಗ ಸಾಫ್ಟ್‌ವೇರ್ ಕಂಪನಿ ಗಾಡಿ ಓಡಸ್ತಾನ. ಹೊರಗ ಕೊಟ್ರ ಅತ್ತಿ ಕಾಟ. ಇಲ್ಲೆ ಅಜ್ಜಿನೂ ನಾನ, ಅತ್ತಿನೂ ನಾನ."

"ಅಂಬಕ್ಕಾ, ನೀವರ ಹೇಳ್ರಿ."

ಅಂಬುಬಾಯಿ ಗೋಡೆ ನೋಡಿದಳು. "ನನ್ನೂ ಸೋದರಮಾವಗ ಕೊಟ್ಟಿದ್ರಿ. ಎರಡು ಕೂಸು ಸತ್ತು ಹುಟ್ಟಿದುವು. ಆಮ್ಯಾಲೆ ಇಕಿ."

"ಅದು ದೇವರಿಚ್ಛಾ," ಎಂದಳು ಸೂಗಮ್ಮ. ನಾವು ಮಾಡಿದ್ದನ್ನೆಲ್ಲ ಹೊರಲು ಒಬ್ಬ ದೇವರು ಸಿಕ್ಕಿದ್ದಾನೆ.

ದಿನೇಶ ಬಾಗಿಲಿಗೆ ಅಡ್ಡ ನಿಂತಿದ್ದ. "ಹತ್ತು ದಿನಕ್ಕ ಬಂದೀರಿ. ಬಿಸ್ಕೀಟ್ ಹಂಚ್ರಿ, ಹೋಗ್ರಿ."

ಶಿಬಿರದ ಉಸ್ತುವಾರಿ ಹೊತ್ತಿದ್ದ ನಮ್ಮ ಮೇಷ್ಟ್ರು ಅರವಿಂದ್ ಸರ್‌ಗೆ ಹೇಳಿದೆ. ಬೇರೆಯವರ ಮನೆ ವಿಷಯಕ್ಕೆ ಕೈ ಹಾಕಿ ಶಿಬಿರದ ಹೆಸರು ಕೆಡಿಸಿದರೆ ನಿನಗೆ ಸರ್ಟಿಫಿಕೇಟು ಇಲ್ಲ ಎಂದು ತೆಲುಗಿನಲ್ಲಿ ಗದರಿದರು. ನಾನು ಬಾಯಿ ಮುಚ್ಚಿಕೊಂಡೆ. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ಹತ್ತನೆಯ ದಿನ ಕೇರಿಯೆಲ್ಲ ಸೇರಿತ್ತು. ನಮಗೆ ಸರ್ಟಿಫಿಕೇಟು ಹಂಚಲಾಯಿತು. ಅಷ್ಟರಲ್ಲಿ ಗಂಗೂ ತನ್ನ ಹಳೆಯ ಲಂಗದಲ್ಲೇ ಜನರ ನಡುವೆ ಬಂದು, ಮಡಿಸಿದ ಹಸಿರು ಸೀರೆಯನ್ನು ನನ್ನ ಕೈಗಿಟ್ಟಳು. ನಾಲ್ಕು ಪಿನ್ನೂ ಅದರ ಮೇಲಿದ್ದವು.

"ನೀವ ಉಡಿಸೀರಿ, ಟೀಚರ್. ನೀವ ಹೊಳ್ಳಿ ಕೊಡ್ರಿ. ನಾ ಕೊಟ್ರ ಹೊಡೀತಾರ."

ಸರ್ಟಿಫಿಕೇಟನ್ನು ಕುರ್ಚಿಯ ಮೇಲಿಟ್ಟು ದಿನೇಶನ ಎದುರು ಹೋಗಿ ನಿಂತೆ.

"ತಿಳೀಲಾರದ ಉಡಿಸಿದ್ದೆ. ಅಕಿ ಒಲ್ಲೆ ಅಂತಾಳ. ತಗೊಳ್ರಿ."

ಅವನು ನನ್ನನ್ನು ದಾಟಿ ಗಂಗೂಳ ಜಡೆಗೆ ಕೈ ಹಾಕಿದ. ಅಂಬುಬಾಯಿ ಅವನ ಕೈ ಹಿಡಿದಳು.

"ಬಿಡೋ ತಮ್ಮಾ. ನನ್ನ ಆಗ ಯಾರೂ ಕೇಳಲಿಲ್ಲ. ಈಗ ಕೇಳ್ರಿ. ನಾನೂ ಒಲ್ಲೆ."

ಸೂಗಮ್ಮ ಮಗಳ ಮುಖಕ್ಕೆ ಉಗುಳಿದಳು. ಯಾರೋ ಎಸೆದ ಕಲ್ಲು ನಮ್ಮ ಪಾಠದ ಬೋರ್ಡಿಗೆ ಬಡಿಯಿತು. ಅಂಬುಬಾಯಿ ಸೆರಗಿನಿಂದ ಮುಖ ಒರೆಸಿಕೊಂಡಳು. ತಮ್ಮನ ಕೈ ಮಾತ್ರ ಬಿಡಲಿಲ್ಲ. ಕೊನೆಗೆ ಅವನೇ ಸೀರೆ ಕಸಿದುಕೊಂಡು ಹೊರಟುಹೋದ.

ಬಸ್ಸು ಹಾರ್ನ್ ಹೊಡೆಯಿತು. ಅರವಿಂದ್ ಸರ್ ನನ್ನ ಹೆಸರು ಹಿಡಿದು ಕೂಗಿದರು. ನಾನು ಹತ್ತಲಿಲ್ಲ.

ಬಸ್ಸು ಹೋದ ಮೇಲೆ ಗಂಗೂ ಚಾಪೆ ಹಾಸಿ, ತಾಯಿಯನ್ನೂ ಪಕ್ಕಕ್ಕೆ ಕೂಡಿಸಿಕೊಂಡಳು. ಎಲ್ಲಿಂದ ಹೇಳಿಕೊಡಲಿ ಎಂದು ಕೇಳಿದೆ.

"ಮೂರನೇ ದಿನಕ್ಕ ಬಿಟ್ಟಿದ್ದೆ," ಎಂದಳು. "ಅಲ್ಲಿಂದನ ಹೇಳ್ರಿ."